ಚಳಿ, ಇಂಡೋಲ್, ಅಕ್ಕ

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ.

ಅಕ್ಕ ತನ್ನ ಮದುವೆಯ ಸುದ್ದಿ ಹೇಳಿದ ಬೆಳಿಗ್ಗೆಯಿಂದ ಶುರು ಮಾಡಿದರೆ ನೀವು ಇದನ್ನು ಮದುವೆ ಕಥೆ ಅಂದುಕೊಳ್ಳುತ್ತೀರಿ. ಜೆಲ್ಲಿಮೀನಿನಿಂದ ಶುರು ಮಾಡಿದರೆ ವಿಜ್ಞಾನದ ಪಾಠ ಅಂದುಕೊಂಡು ಮಡಚಿಡುತ್ತೀರಿ. ಮೊದಲ ಕರಡಿನಲ್ಲಿ ಸಮುದ್ರದಿಂದ ಶುರು ಮಾಡಿದ್ದೆ. "ಸಮುದ್ರ ಅನಾದಿಕಾಲದಿಂದ ಏನನ್ನೋ ಹೇಳಲು ತವಕಿಸುತ್ತಿತ್ತು" ಅಂತ. ಪೂರ್ಣವಿರಾಮ ಹಾಕುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ.

ಹಾಗಾಗಿ ವಾಷಿಂಗ್ ಮೆಷಿನ್ನಿನಿಂದ ಶುರು ಮಾಡುತ್ತೇನೆ. ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

೧

ಅಕ್ಕ ಮೆಷಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಒದ್ದೆ ಬಟ್ಟೆಗಳು ಒಂದಕ್ಕೊಂದು ಸುತ್ತಿಕೊಂಡಿದ್ದವು. ಬಿಡಿಸಿ ಬಿಡಿಸಿ ಬುಟ್ಟಿಗೆ ಹಾಕುತ್ತಾ, ಹಿಂದೆ ತಿರುಗದೆ ಹೇಳಿದಳು:

"ಪುಟ್ಟಿ, ನಾನು ಮದುವೆ ಆಗ್ತಿದೀನಿ."

ಪುಟ್ಟಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಅವಳಿಗೆ ನಲವತ್ತೆಂಟು, ಅಕ್ಕನಿಗೆ ಐವತ್ತಾರು. (ನಲವತ್ತೆಂಟರ ಹೆಂಗಸನ್ನು ಕಥೆಯುದ್ದಕ್ಕೂ ಪುಟ್ಟಿ ಅಂತ ಕರೆಯೋದು ನನಗೂ ಮುಜುಗರವೇ. ಬೇರೆ ಎರಡು ಹೆಸರು ಇಟ್ಟು ಕರೆದು ನೋಡಿದೆ, ಅವಳು ತಿರುಗಿ ಕೂಡ ನೋಡಲಿಲ್ಲ.)

"ಯಾರನ್ನ?"

"ಲಿಫ್ಟಿನವರನ್ನ."

ಲಿಫ್ಟಿನವರು ಅಂದರೆ ಲಿಫ್ಟ್ ಕೂರಿಸುವ, ರಿಪೇರಿ ಮಾಡುವ ಮನುಷ್ಯ. ಅಕ್ಕ ಕೆಲಸ ಮಾಡುವ ಕನ್ನಡಕದಂಗಡಿ ಇರುವ ಕಟ್ಟಡದಲ್ಲಿ ಹಳೇ ಲಿಫ್ಟ್ ತೆಗೆದು ಹೊಸದು ಹಾಕಲು ಆರು ತಿಂಗಳ ಹಿಂದೆ ಬೇರೆ ಊರಿನಿಂದ ಬಂದವರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಅಕ್ಕ ಅಂಗಡಿಯ ಒಳಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು, ಗಿರಾಕಿಗಳ ಮುಖ ನೋಡುವ ಕೆಲಸವೇ ಅಲ್ಲ ಅದು. ಲಿಫ್ಟಿನವರು ತಮ್ಮ ಕನ್ನಡಕ ಸರಿಯಿಲ್ಲ ಅಂತ ಮೂರು ಸಲ ಬಂದರು. ನಾಲ್ಕನೇ ಸಲ ಕನ್ನಡಕ ಸರಿಯಾಗೇ ಇದೆ ಅಂತ ಹೇಳಲು ಬಂದರು.

"ಮುಂದಿನ ತಿಂಗಳು ಅವರ ಇಲ್ಲಿನ ಕೆಲಸ ಮುಗಿಯತ್ತೆ. ಅವರೂರಿಗೆ ಹೋಗ್ತೀವಿ. ರೈಲಲ್ಲಿ ಎಂಟು ಗಂಟೆ."

ಹೇಳಬಹುದಾದ ಮಾತುಗಳು ಎಷ್ಟೊಂದು ಇದ್ದವು! ಪುಟ್ಟಿಯ ಬಾಯಿಂದ ಹೊರಬಿದ್ದದ್ದು ಇದು:

"ಮತ್ತೆ ವಾಷಿಂಗ್ ಮೆಷಿನ್?"

ಅಕ್ಕ ಆಗ ತಿರುಗಿ ನೋಡಿದಳು. "ಅದು ನಿನಗೇ," ಅಂದಳು.

೨

ಪುಟ್ಟಿಯ ಒಂಬತ್ತನೇ ವಯಸ್ಸಿಗೆ ಅಮ್ಮ ತೀರಿಕೊಂಡಳು. ಅಪ್ಪ ಅದಕ್ಕೂ ಮುಂಚೆಯೇ ಮನೆ ಬಿಟ್ಟಿದ್ದ. (ಅವನ ಕಥೆ ನಾನು ಬರೆಯಲ್ಲ. ಅವನೇ ಅರ್ಧಕ್ಕೆ ಬಿಟ್ಟುಹೋದದ್ದನ್ನು ನಾನ್ಯಾಕೆ ಪೂರ್ತಿ ಮಾಡಲಿ?) ಹದಿನೇಳರ ಅಕ್ಕ ಕಾಲೇಜು ಬಿಟ್ಟು ಕನ್ನಡಕದಂಗಡಿ ಸೇರಿದಳು. ಪುಟ್ಟಿ ಓದಿದಳು, ಜೀವಶಾಸ್ತ್ರದಲ್ಲಿ ಡಿಗ್ರಿ ತೆಗೆದುಕೊಂಡಳು, ಸಮುದ್ರ ದಂಡೆಯ ಮತ್ಸ್ಯಾಲಯದಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತೆರಡು ವರ್ಷದಿಂದ ಅಲ್ಲೇ, ಜೆಲ್ಲಿ ಕೋಣೆಯಲ್ಲಿ.

ಜೆಲ್ಲಿಮೀನು ಅನ್ನುವ ಪದದ ಬಗ್ಗೆ ಒಂದು ಮಾತು. ಅದು ಮೀನಲ್ಲ. ಲೋಳೆಮೀನು ಅಂತ ಬರೆಯೋಣವೇ ಅಂದರೆ ಪುಟ್ಟಿ ಮುಖ ಸಿಂಡರಿಸಿದಳು. "ಇಪ್ಪತ್ತೆರಡು ವರ್ಷ ಸಾಕಿದೀನಿ. ಲೋಳೆ ಗೀಳೆ ಅನ್ಬೇಡಿ. ಜೆಲ್ಲಿ ಅನ್ನಿ, ಸಾಕು." ಆಯಿತು, ಜೆಲ್ಲಿ.

ಜನ ದೊಡ್ಡ ತೊಟ್ಟಿಯ ಮುಂದೆ ನಿಂತು ನೋಡುತ್ತಾರಲ್ಲ, ಬೆಳ್ಳಗೆ, ಛತ್ರಿಯ ಹಾಗೆ ಅರಳಿ ಮುದುಡಿ ತೇಲುವ ಜೀವ, ಅದು ಜೆಲ್ಲಿಯ ಆಯುಸ್ಸಿನ ಒಂದು ಭಾಗ ಮಾತ್ರ. ಅದಕ್ಕೂ ಮುಂಚೆ ಅದು ಪಾಲಿಪ್. ಅಕ್ಕಿಕಾಳಿಗಿಂತ ಚಿಕ್ಕದು. ಬುಡ ಊರಿಕೊಂಡು, ಮೇಲೆ ಕೂದಲೆಳೆಯಂಥ ಕೈಗಳನ್ನು ಚಾಚಿಕೊಂಡು, ಸಿಕ್ಕಿದ್ದು ತಿಂದುಕೊಂಡು ಕೂತಲ್ಲೇ ಕೂತಿರುತ್ತದೆ. ವರ್ಷಗಟ್ಟಲೆ ಬೇಕಾದರೂ ಕೂರುತ್ತದೆ. ಪುಟ್ಟಿಯ ಕೆಲಸ ಅದಕ್ಕೆ ದಿನಾ ಸಿಗಡಿಮರಿ ಉಣಿಸುವುದು, ಗಾಜಿನ ಬಟ್ಟಲು ತೊಳೆಯುವುದು, ಆಮೇಲೆ ನೀರನ್ನು ತಣ್ಣಗೆ ಮಾಡಿ ಕಾಯುವುದು. ಚಳಿ ಬಿದ್ದು ಕೆಲವು ವಾರಕ್ಕೆ, ಒಮ್ಮೊಮ್ಮೆ ತಿಂಗಳುಗಳಿಗೆ, ಪಾಲಿಪ್ಪಿನ ಮೈ ಸುತ್ತ ಗೆರೆ ಮೂಡುತ್ತದೆ. ಗೆರೆ ಆಳವಾಗುತ್ತದೆ. ಕೊನೆಗೆ ತಟ್ಟೆಯ ಮೇಲೆ ತಟ್ಟೆ ಜೋಡಿಸಿಟ್ಟ ಹಾಗೆ ಕಾಣುತ್ತದೆ. ಮೇಲಿನ ತಟ್ಟೆ ಮೊದಲು ಬಡಿದುಕೊಳ್ಳಲು ಶುರು ಮಾಡಿ, ಕಿತ್ತುಕೊಂಡು, ಈಜಿ ಹೋಗುತ್ತದೆ. ಅದೇ ಜೆಲ್ಲಿಯ ಮರಿ.

ಇಷ್ಟು ಸಾಕು. ಪರೀಕ್ಷೆ ಇಡಲ್ಲ.

೩

ಮುಂದಿನ ತಿಂಗಳು ಮತ್ಸ್ಯಾಲಯದಲ್ಲಿ ಹೊಸ ದುಂಡು ತೊಟ್ಟಿ ತೆರೆಯುವುದಿತ್ತು. ಪುಟ್ಟಿ ಆರು ಬಟ್ಟಲುಗಳನ್ನು ಹತ್ತು ಡಿಗ್ರಿಯ ಚಳಿಯಲ್ಲಿಟ್ಟು ಐದು ವಾರ ಆಗಿತ್ತು. ದಾಖಲೆ ಪುಸ್ತಕದಲ್ಲಿ ದಿನಾ ಒಂದೇ ಸಾಲು: ಬದಲಾವಣೆ ಇಲ್ಲ.

"ಖಾಲಿ ತೊಟ್ಟಿ ಮುಂದೆ ರಿಬ್ಬನ್ ಕಟ್ ಮಾಡ್ಸೋಕಾಗತ್ತಾ ನಾನು?" ಅಂದರು ಮ್ಯಾನೇಜರ್. "ಕೆಳಗಡೆ ಲ್ಯಾಬಿನ ಮೇಡಂ ಹತ್ರ ಏನೋ ಔಷಧಿ ಇದೆಯಂತಲ್ಲ. ಎರಡು ದಿನದಲ್ಲಿ ಕೆಲಸ ಆಗತ್ತಂತೆ."

"ನಾನು ಔಷಧಿ ಹಾಕಿ ಮರಿ ಮಾಡಿಸಿಲ್ಲ ಸಾರ್, ಇದುವರೆಗೂ."

"ಇದುವರೆಗೂ ದುಂಡು ತೊಟ್ಟಿನೂ ಇರಲಿಲ್ಲ."

ಪುಟ್ಟಿ ಕೆಳಗಿಳಿದು ಹೋದಳು. ಲ್ಯಾಬಿನ ಮೇಡಂ ಅವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು, ಒಂದೇ ಉಸಿರಿಗೆ ಮಾತಾಡುವವರು. ಬೆರಳುದ್ದದ ಕಂದು ಸೀಸೆ ಎತ್ತಿ ತೋರಿಸಿದರು. ಇಂಡೋಲ್ ಜಾತಿಯ ಒಂದು ರಾಸಾಯನಿಕ.

"ಇದನ್ನ ವಿಷ ಅನ್ನೋ ಹಾಗೆ ನೋಡ್ತೀರಲ್ಲ! ಚಳಿ ಬಿದ್ದಾಗ ಪಾಲಿಪ್ ತನ್ನೊಳಗೇ ಒಂದು ವಸ್ತು ಮಾಡ್ಕೊಳ್ತಾ ಹೋಗತ್ತೆ. ದಿನಾ ಒಂಚೂರು ಒಂಚೂರು. ಹೊರಗಿಂದ ಏನೂ ಗೊತ್ತಾಗಲ್ಲ. ಸಾಕಷ್ಟು ಸೇರಿದ ದಿನ ಮೈ ಬದಲಾಗೋಕೆ ಶುರು. ಇಂಡೋಲ್ ಹಾಕಿದ್ರೆ ಅಷ್ಟು ದಿನ ಕಾಯೋದು ಬೇಡ, ಅಷ್ಟೇ. ಆದ್ರೆ ಹನಿ ಜಾಸ್ತಿ ಆಗಬಾರದು, ಮರಿ ಸೊಟ್ಟ ಆಗತ್ತೆ."

"ಹೊರಗಿಂದ ಏನೂ ಗೊತ್ತಾಗಲ್ವಾ?" ಅಂತ ಪುಟ್ಟಿ ಕೇಳಿದಳು.

"ಏನೇನೂ ಇಲ್ಲ. ಉಣ್ಣತ್ತೆ, ಕೂತಿರತ್ತೆ. ನೀವೇ ದಿನಾ ನೋಡ್ತಿದೀರಲ್ಲ."

ಪುಟ್ಟಿ ಸೀಸೆ ತೆಗೆದುಕೊಂಡು ಮೇಲೆ ಬಂದಳು. ಹನಿ ಹಾಕಲಿಲ್ಲ. ಸೀಸೆ ಕೋಟಿನ ಜೇಬಿನಲ್ಲೇ ಉಳಿಯಿತು.

೩ (ಹರಿದದ್ದು)

ಇಲ್ಲಿ ನಾನು ಪುಟ್ಟಿ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುವ ಒಂದು ದೃಶ್ಯ ಬರೆದಿದ್ದೆ. ಚೆನ್ನಾಗೇ ಬಂದಿತ್ತು. ಆದರೆ ಪುಟ್ಟಿ ನನ್ನ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತಳು. (ನಾನೇ ಕಟ್ಟಿದ ಪಾತ್ರ. ಹೀಗೆ ಬಂದು ಕೂರುವ ಅಭ್ಯಾಸ ಮಾತ್ರ ನಾನು ಕೊಟ್ಟದ್ದಲ್ಲ.)

"ನಾನು ಅಳಲಿಲ್ಲ," ಅಂದಳು.

"ಓದುಗರಿಗೆ ನಿಮ್ಮ ಸಂಕಟ ಗೊತ್ತಾಗಬೇಡವೇ?"

"ಅಳೋದಾದ್ರೆ ಅಕ್ಕನ ಮುಂದೆ ಅಳ್ತಿದ್ದೆ. ಮೆಟ್ಟಿಲ ಮೇಲೆ ಯಾಕೆ ಅಳಲಿ, ಯಾರಿದ್ರು ಅಲ್ಲಿ?"

"ಮತ್ತೆ ಏನು ಮಾಡಿದ್ರಿ?"

"ಬಟ್ಟಲು ತೊಳೆದೆ. ಎಲ್ಲಾ ತೊಳೆದೆ. ತೊಳೆದಿದ್ದನ್ನೇ ಇನ್ನೊಂದ್ಸಲ ತೊಳೆದೆ."

ಬರೆದುಕೊಂಡೆ.

೪

ಆ ವಾರವೆಲ್ಲ ಪುಟ್ಟಿಯ ತಲೆಯಲ್ಲಿ ಕೊರೆಯುತ್ತಿದ್ದದ್ದು ಮೇಡಂ ಹೇಳಿದ ಮಾತು. ದಿನಾ ಒಂಚೂರು. ಹೊರಗಿಂದ ಏನೂ ಗೊತ್ತಾಗಲ್ಲ.

ಹಾಗಾದರೆ ಅಕ್ಕನೊಳಗೆ ಯಾವಾಗಿನಿಂದ ಸೇರುತ್ತಾ ಬಂತು? ಚಳಿ ಹಾಕಿದವರು ಯಾರು? ಮನೆಯಲ್ಲಿ ಇದ್ದದ್ದು ಇಬ್ಬರೇ, ಹುಡುಕಲು ದೂರ ಹೋಗಬೇಕಾಗಿರಲಿಲ್ಲ.

ಅಕ್ಕ ಮುಂಚೆ ಊಟದ ಹೊತ್ತಿಗೆ ಅಂಗಡಿಯ ಸುದ್ದಿ ಹೇಳುತ್ತಿದ್ದಳು. ಕನ್ನಡಕದ ಮೇಲೆ ಕೂತು ಮುರಿದುಕೊಂಡ ಜಡ್ಜು, ಗಂಡನ ಕನ್ನಡಕ ತಂದು "ನನಗೂ ಇದೇ ನಂಬರ್ ಹಾಕಿ" ಅಂತ ಹಟ ಹಿಡಿದ ಮುದುಕಿ. ಯಾವತ್ತೋ ಒಂದು ದಿನ ಪುಟ್ಟಿ ಊಟಕ್ಕೆ ಕೂತಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಅವತ್ತು ಅಕ್ಕ ಸುಮ್ಮನಾದಳು. ಆಮೇಲೆ ಹೇಳುವುದನ್ನೇ ಬಿಟ್ಟಳು. ಬಿಟ್ಟದ್ದು ಪುಟ್ಟಿಗೆ ಗೊತ್ತಾದದ್ದು ಈಗ. ಅಕ್ಕ ಒಂದು ವರ್ಷ ಈಜು ಕಲಿಯುತ್ತೇನೆ ಅಂದಿದ್ದಳು. "ನಿನಗೆ ಮಂಡಿ ನೋವು, ಸುಮ್ನಿರು" ಅಂದಿದ್ದಳು ಪುಟ್ಟಿ, ತಾನೇ ಸಮುದ್ರದ ನೀರಲ್ಲಿ ಕೈಯಿಟ್ಟುಕೊಂಡು ಬದುಕುವವಳು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅಕ್ಕನನ್ನು ಜೆಲ್ಲಿ ಕೋಣೆಗೆ ಕರೆದಿರಲಿಲ್ಲ. ಬೇಕಂತ ಅಲ್ಲ. ಹೊಳೆದಿರಲಿಲ್ಲ.

ಇವೆಲ್ಲದರ ಅಡಿಯಲ್ಲಿ ಒಂದು ದೊಡ್ಡದಿತ್ತು. ಪುಟ್ಟಿ ಅದನ್ನು ನನಗೂ ಹೇಳಲು ನಾಲ್ಕು ದಿನ ತೆಗೆದುಕೊಂಡಳು.

ಅವಳಿಗೆ ಇಪ್ಪತ್ತೆರಡು, ಅಕ್ಕನಿಗೆ ಮೂವತ್ತು. ಸರ್ವೆ ಇಲಾಖೆಯವರೊಬ್ಬರು ಅಕ್ಕನನ್ನು ಇಷ್ಟಪಟ್ಟಿದ್ದರು. ಅವರಿಗೆ ವರ್ಗವಾಗಿತ್ತು. ಒಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಿಗೆ ಬಂದು ನಿಂತರು. ಅಕ್ಕ ಸ್ನಾನಕ್ಕೆ ಹೋಗಿದ್ದಳು. ಬಾಗಿಲು ತೆಗೆದದ್ದು ಪುಟ್ಟಿ.

"ಅಕ್ಕ ಇಲ್ಲ. ಊರಿಗೆ ಹೋಗಿದಾಳೆ. ಯಾವಾಗ ಬರ್ತಾಳೋ ಗೊತ್ತಿಲ್ಲ."

ಅವರು ಮತ್ತೆ ಬರಲಿಲ್ಲ.

೫

(ಈ ಭಾಗವನ್ನು ನಾನು ಏಳು ಸಲ ಬರೆದೆ. ಪ್ರತಿ ಸಲವೂ ಅಕ್ಕ ಒಂದು ಭಾಷಣ ಮಾಡುತ್ತಿದ್ದಳು. "ನಮ್ಮಕ್ಕ ಅಷ್ಟುದ್ದ ಮಾತಾಡಲ್ಲ" ಅಂತ ಪುಟ್ಟಿ ಕೆಂಪು ಪೆನ್ನು ಎತ್ತಿಕೊಂಡಳು. ಉಳಿದದ್ದು ಇಷ್ಟು.)

ಭಾನುವಾರ ಮಧ್ಯಾಹ್ನ. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಬೀರುವಿನ ಬಟ್ಟೆ ವಿಂಗಡಿಸುತ್ತಿದ್ದಳು. ಒಯ್ಯುವುದು ಒಂದು ಕಡೆ, ಬಿಡುವುದು ಒಂದು ಕಡೆ. ಬಿಡುವ ಗುಡ್ಡೆ ದೊಡ್ಡದಿತ್ತು.

"ಅಕ್ಕ, ಸರ್ವೆಯವರು ಬಂದಿದ್ರಲ್ಲ, ಆಗ..."

"ಹೂಂ."

"ನೀನು ಸ್ನಾನಕ್ಕೆ ಹೋಗಿದ್ದೆ. ನಾನು ಅವರಿಗೆ ನೀನು ಮನೇಲಿಲ್ಲ ಅಂದ್ಬಿಟ್ಟೆ."

"ಗೊತ್ತು."

ಪುಟ್ಟಿ ತಲೆ ಎತ್ತಿದಳು.

"ಆ ಮನೆ ಬಾತ್‌ರೂಮಿನ ಬಾಗಿಲು ರಟ್ಟಿನ ಥರ ಇತ್ತಲ್ಲ," ಅಂದಳು ಅಕ್ಕ, ಸ್ವೆಟರ್ ಮಡಚುತ್ತಾ. "ಎಲ್ಲಾ ಕೇಳಿಸ್ತು. ಊರಿಗೆ ಹೋಗಿದಾಳೆ ಅಂದೆ ನೀನು. ನಗು ಬಂತು. ನಮಗೆ ಯಾವ ಊರಿತ್ತು ಪುಟ್ಟಿ?"

"ಮತ್ತೆ ಹೊರಗೆ ಯಾಕೆ ಬರಲಿಲ್ಲ?"

"ನಲ್ಲಿ ತಿರುಗಿಸಿ ಸುಮ್ನೆ ನಿಂತಿದ್ದೆ. ಅವರು ಮೆಟ್ಟಿಲಿಳಿಯೋ ಸದ್ದು ಪೂರ್ತಿ ಕೇಳಿದೆ. ನನಗೇ ಹೋಗೋಕೆ ಇಷ್ಟ ಇರಲಿಲ್ಲ. ಒಳ್ಳೆಯವರು, ಇಲ್ಲ ಅನ್ನೋಕೆ ಬಾಯಿ ಬರ್ತಿರಲಿಲ್ಲ. ನನ್ನ ಬದಲು ನೀನು ಅಂದೆ. ಸದ್ಯ, ಒಳ್ಳೇದಾಯ್ತು ಅಂದ್ಕೊಂಡೆ."

"ಇಪ್ಪತ್ತಾರು ವರ್ಷ ನಾನು ಇದನ್ನ ಹೊಟ್ಟೇಲಿಟ್ಕೊಂಡು..."

"ಕೇಳಬಾರದಿತ್ತಾ? ಪಕ್ಕದ ಕೋಣೇಲೇ ಇದ್ನಲ್ಲ."

ಪುಟ್ಟಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಅವಳಿಗೇ ಗೊತ್ತಾಗಲಿಲ್ಲ. "ಹಾಗಾದ್ರೆ ಈಗ ಯಾಕೆ ಹೋಗ್ತಿದೀಯ? ಈಗ ನಾನೇನು ಮಾಡಿದೆ? ಇಯರ್‌ಫೋನಾ? ಈಜು ಬೇಡ ಅಂದೆ ಅಂತಾನಾ?"

ಅಕ್ಕ ಕೈಯಲ್ಲಿದ್ದುದನ್ನು ಕೆಳಗಿಟ್ಟು ಅವಳನ್ನೇ ನೋಡಿದಳು. ಗಾಜಿನಲ್ಲಿ ಗೀರು ಇದೆಯೇನೋ ಅಂತ ಬೆಳಕಿಗೆ ಹಿಡಿದು ನೋಡುವ ನೋಟ ಅದು.

"ಎಲ್ಲಾದಕ್ಕೂ ನೀನೇ ಕಾರಣ ಆಗ್ಬೇಕಾ? ನನ್ನದು ಅಂತ ಒಂದೂ ಬೇಡ್ವಾ?"

ಪುಟ್ಟಿ ಬಿಡುವ ಗುಡ್ಡೆಯಿಂದ ಒಂದು ಬಟ್ಟೆ ಎಳೆದು ಮಡಚಿದಳು.

ಅಕ್ಕ ತಾನಾಗಿಯೇ ಅಂದಳು: "ಅವರ ಜೊತೆ ಇದ್ದಾಗ ನನಗೆ ಹಸಿವಾಗತ್ತೆ. ನಿಜವಾಗ್ಲೂ. ಇಷ್ಟು ವರ್ಷ ಹೊತ್ತಾಯ್ತು ಅಂತ ಉಣ್ತಿದ್ದೆ. ಮೊನ್ನೆ ಅವರು ಏಣಿ ಹತ್ತಿ ಏನೋ ಬಿಚ್ಚುತ್ತಾ ಇದ್ರು, ನಾನು ಕೆಳಗೆ ನಿಂತು ಎರಡು ಬನ್ ತಿಂದೆ. ಎರಡು!" ಹೇಳಿ ನಾಚಿಕೊಂಡಳು. ಐವತ್ತಾರರ ಮುಖದಲ್ಲಿ ಆ ನಾಚಿಕೆಯನ್ನು ಪುಟ್ಟಿ ಎಂದೂ ನೋಡಿರಲಿಲ್ಲ.

ತಪ್ಪು ತನ್ನದಲ್ಲ ಅಂತ ಗೊತ್ತಾದರೆ ಮನಸ್ಸು ಹಗುರಾಗಬೇಕು. ಕಥೆಗಳಲ್ಲಿ ಹಾಗೇ ಆಗುತ್ತದೆ. ಪುಟ್ಟಿಗೆ ಹಾಗಾಗಲಿಲ್ಲ. ತಪ್ಪು ತನ್ನದಾಗಿದ್ದರೆ ತಿದ್ದಿಕೊಂಡು, ಕಾಲು ಹಿಡಿದು, ಅಕ್ಕನನ್ನು ಉಳಿಸಿಕೊಳ್ಳಬಹುದು ಅಂತ ಅವಳು ಒಳಗೊಳಗೇ ಆಸೆ ಇಟ್ಟುಕೊಂಡಿದ್ದಳು. ಈಗ ಹಿಡಿಯಲು ಕಾಲೂ ಇರಲಿಲ್ಲ.

೬

ಸೋಮವಾರ ಮೂರು ಬಟ್ಟಲಿಗೆ ಇಂಡೋಲ್ ಹಾಕಿದಳು. ಪಿಪೆಟ್ಟಿನಲ್ಲಿ ಅಳೆದು, ಉಸಿರು ಬಿಗಿಹಿಡಿದು. ಉಳಿದ ಮೂರಕ್ಕೆ ಹಾಕಲಿಲ್ಲ. ಯಾಕೆ ಅಂತ ನಾನು ಕೇಳಿದೆ. "ಅರ್ಧಕ್ಕರ್ಧ," ಅಂದಳು, ಅಷ್ಟೇ.

ಬುಧವಾರ ಗೆರೆ ಮೂಡಿತು. ಶನಿವಾರದ ಹೊತ್ತಿಗೆ ತಟ್ಟೆಗಳು. ಪುಟ್ಟಿ ಅಂಗಡಿಗೆ ಫೋನ್ ಮಾಡಿದಳು.

"ಅಕ್ಕ, ನಾಳೆ ಇಲ್ಲಿಗೆ ಬರ್ತೀಯಾ?"

"ಎಲ್ಲಿಗೆ?"

"ನನ್ನ ಕೆಲಸದ ಹತ್ರ. ಒಂದು ತೋರಿಸ್ಬೇಕು."

ಆ ಕಡೆ ಗಾಜು ಉಜ್ಜುವ ಯಂತ್ರ ನಿಂತ ಸದ್ದು. "ಏನು ಹಾಕ್ಕೊಂಡು ಬರಲಿ?" ಅಂದಳು ಅಕ್ಕ.

ಬಂದಳು. ಒಳ್ಳೇ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, ಚೀಲ ಎದೆಗವಚಿಕೊಂಡು, ಡಾಕ್ಟರ ಕೋಣೆಗೆ ಬಂದವಳ ಹಾಗೆ. ಮೈಕ್ರೋಸ್ಕೋಪಿನ ಮುಂದೆ ಕೂರಿಸುತ್ತಲೇ ಮಾತ್ರ ಅವಳ ಕೈ ತಾನಾಗಿ ಗುಂಡಿಗೆ ಹೋಯಿತು. ಯಾರೂ ಹೇಳಿಕೊಡದೆ ಫೋಕಸ್ ಮಾಡಿಕೊಂಡಳು. ಗಾಜಿನ ಕೆಲಸದವಳಲ್ಲವೇ.

"ಅಯ್ಯೋ ಪುಟ್ಟಿ! ಬಡ್ಕೋತಾ ಇದೆ!"

"ಮೇಲಿನದು. ಈಗ ಹೋಗತ್ತೆ, ನೋಡ್ತಿರು."

ಅಕ್ಕ ನೋಡುತ್ತಿದ್ದಳು. ಮೇಲಿನ ತಟ್ಟೆ ಅದುರಿತು, ಎಂಟು ಪುಟ್ಟ ತೋಳು ಮಡಚಿ ಬಿಚ್ಚಿತು, ಒಂದೆಳೆ ಹಿಡಿದುಕೊಂಡಿತ್ತು, ಆಮೇಲೆ ಅದೂ ಇರಲಿಲ್ಲ. ಹೋಯಿತು. ಅಕ್ಕ ತಲೆ ಎತ್ತಲಿಲ್ಲ. ಎರಡನೆಯದೂ ಹೋಗುವವರೆಗೆ ನೋಡಿದಳು. ಆಮೇಲೆ ಕೇಳಿದಳು:

"ಎಲ್ಲಾ ಹೋದ ಮೇಲೆ ಕೆಳಗೆ ಒಂಚೂರು ಉಳಿಯತ್ತಲ್ಲ, ಬುಡ. ಅದು ಸಾಯತ್ತಾ?"

"ಇಲ್ಲ. ಮತ್ತೆ ಕೈ ಬೆಳೆಸ್ಕೊಳ್ಳತ್ತೆ. ಮತ್ತೆ ಪಾಲಿಪ್ ಆಗತ್ತೆ."

"ಎಷ್ಟು ದಿನ ಬೇಕು?"

"ಒಂದು ವಾರ, ಹತ್ತು ದಿನ."

"ಅಷ್ಟೇನಾ?"

"ಅದು ಪಾಲಿಪ್ ಅಕ್ಕ," ಅಂದಳು ಪುಟ್ಟಿ. "ನನಗೆ ಜಾಸ್ತಿ ಬೇಕಾಗತ್ತೆ."

ಅಕ್ಕ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ಕೈ ಹಿಂದೆ ಚಾಚಿ, ತಡಕಿ, ಅವಳ ಮಣಿಕಟ್ಟು ಹಿಡಿದುಕೊಂಡಳು. ಪುಟ್ಟಿಯ ಕೈ ಚಳಿನೀರಿನಿಂದ ಮರಗಟ್ಟಿತ್ತು.

(ಹನಿ ಬೀಳದ ಮೂರು ಬಟ್ಟಲುಗಳ ಸುದ್ದಿ: ಎರಡು ಬಟ್ಟಲು ನಾಲ್ಕು ದಿನ ತಡವಾಗಿ ತಾವೇ ಶುರು ಮಾಡಿದವು. ಒಂದು ಮಾಡಲೇ ಇಲ್ಲ. ಯಾಕೆ ಅಂತ ಲ್ಯಾಬಿನ ಮೇಡಂಗೂ ಗೊತ್ತಾಗಲಿಲ್ಲ. ಇದಕ್ಕೆ ಏನಾದರೂ ಅರ್ಥ ಹಚ್ಚೋಣ ಅಂತ ನನಗೆ ಕೈ ಕಡಿಯುತ್ತಿದೆ. ಹಚ್ಚುವುದಿಲ್ಲ. ದುಂಡು ತೊಟ್ಟಿ ತೆರೆದ ದಿನ ತೋರಿಸಲು ಮರಿಗಳಿದ್ದವು, ಹಳೇ ತೊಟ್ಟಿಯ ದೊಡ್ಡ ಜೆಲ್ಲಿಗಳಲ್ಲಿ ಒಂದಷ್ಟನ್ನೂ ಸಾಗಿಸಿದರು, ಮ್ಯಾನೇಜರ್ ರಿಬ್ಬನ್ ಕಟ್ ಮಾಡಿಸಿದರು.)

೭

ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿಯ ಜಾಗದಲ್ಲಿ ಪುಟ್ಟಿ ಸಹಿ ಹಾಕಿದಳು. ಲಿಫ್ಟಿನವರು ಕುಳ್ಳಗೆ, ಗಟ್ಟಿಮುಟ್ಟಾಗಿ, ಕಡಿಮೆ ಮಾತಿನವರು. ಪುಟ್ಟಿಯ ಹತ್ತಿರ ಬಂದು, "ನನ್ನ ಮೇಲೆ ಬೇಜಾರಿದ್ರೆ ತಪ್ಪೇನಿಲ್ಲ," ಅಂದರು. ಪುಟ್ಟಿಗೆ ಅವರನ್ನು ದ್ವೇಷಿಸಲು ಇದ್ದ ಕೊನೆಯ ನೆಪವೂ ತಪ್ಪಿಹೋಯಿತು.

ರೈಲು ಹೊರಟಾಗ ಅಕ್ಕ ಕಿಟಕಿಯಿಂದ ಏನೋ ಹೇಳಿದಳು. ಸದ್ದಿನಲ್ಲಿ ಕೇಳಿಸಲಿಲ್ಲ. ಪುಟ್ಟಿ "ಹೂಂ, ಹೂಂ" ಅಂತ ತಲೆಯಾಡಿಸಿದಳು. ಏನಂದಿರಬಹುದು ಅಂತ ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದಳು. ಫೋನ್ ಮಾಡಿ ಕೇಳಿದರೆ "ನೆನಪಿಲ್ಲ" ಅಂದಳು ಅಕ್ಕ.

ಈಗ ಮುಕ್ತಾಯ.

ಮುಕ್ತಾಯ ಒಂದು: ಅಕ್ಕನ ಹೊಸ ಊರಲ್ಲೂ ಒಂದು ಮತ್ಸ್ಯಾಲಯ ತೆರೆಯುತ್ತದೆ, ಪುಟ್ಟಿಗೆ ಅಲ್ಲಿಗೆ ವರ್ಗವಾಗುತ್ತದೆ. ಪುಟ್ಟಿ ಓದಿದಳು. "ಅವರೂರಲ್ಲಿ ಸಮುದ್ರಾನೇ ಇಲ್ಲ," ಅಂದಳು.

ಮುಕ್ತಾಯ ಎರಡು: ಪುಟ್ಟಿಗೂ ಒಬ್ಬರು ಸಿಗುತ್ತಾರೆ. ಇದಕ್ಕೆ ಅವಳು ನಕ್ಕಳು. ಆ ನಗು ಬೇಗ ನಿಲ್ಲಲಿಲ್ಲ, ನನಗೇ ಅವಮಾನವಾಯಿತು.

ಮುಕ್ತಾಯ ಮೂರು: ಅಕ್ಕ ಜಗಳವಾಡಿಕೊಂಡು ಪೆಟ್ಟಿಗೆ ಹಿಡಿದು ವಾಪಸ್ ಬರುತ್ತಾಳೆ. ಬಾಗಿಲು ತಟ್ಟುತ್ತಾಳೆ. "ಪುಟ್ಟಿ, ಬಾಗಿಲು ತೆಗಿ" ಅನ್ನುತ್ತಾಳೆ. ಇದನ್ನು ಪುಟ್ಟಿ ಎರಡು ಸಲ ಓದಿದಳು. ಹಾಳೆಯ ಅಂಚನ್ನು ಬೆರಳಿನಿಂದ ಸರಿಮಾಡಿದಳು.

"ಇದನ್ನ ಹರೀಬೇಡಿ," ಅಂದಳು. "ಹಾಗೇ ಇಟ್ಟಿರಿ."

ಇಟ್ಟೆ. ಎದ್ದು ಬಾಗಿಲವರೆಗೆ ಹೋದವಳು ವಾಪಸ್ ಬಂದಳು.

"ಬೇಡ. ಹರಿದುಬಿಡಿ. ಅವಳಿಗೆ ಹಸಿವಾಗತ್ತಂತಲ್ಲ ಅಲ್ಲಿ."

ಹರಿದೆ. ಹರಿಯುವಾಗ ಅವಳು ಕಿಟಕಿ ಕಡೆ ತಿರುಗಿಕೊಂಡಿದ್ದಳು.

ಹೀಗಾಗಿ ನನ್ನ ಕೈಯಲ್ಲಿ ಮುಕ್ತಾಯ ಇಲ್ಲ. ಇರುವುದು ಒಂದು ರೈಲು ಡಬ್ಬಿ, ಮದುವೆಯಾಗಿ ಎರಡು ತಿಂಗಳ ಮೇಲೆ, ಬೆಳಗಿನ ಹನ್ನೊಂದು ಗಂಟೆ. ಪುಟ್ಟಿ ರಜೆ ಹಾಕಿ ಹೊರಟಿದ್ದಾಳೆ. ಸಿಗಡಿಮರಿ ಉಣಿಸುವ ಕೆಲಸ ಲ್ಯಾಬಿನ ಮೇಡಂಗೆ ಒಪ್ಪಿಸಿ, ಎರಡು ಪುಟದ ಸೂಚನೆ ಬರೆದುಕೊಟ್ಟು ಬಂದಿದ್ದಾಳೆ. ಎದುರು ಸೀಟಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಕಿತ್ತಳೆ ಸುಲಿದು ಅರ್ಧ ಇವಳಿಗೆ ಕೊಟ್ಟು ಕೇಳುತ್ತಾಳೆ:

"ಎಲ್ಲಿಗಮ್ಮ?"

"ಅಕ್ಕನ ಮನೆಗೆ," ಅಂದಳು ಪುಟ್ಟಿ.

ಹೇಳಿದ ಮೇಲೆ ಅವಳೇ ಬೆಚ್ಚಿದಳು. ಎಲ್ಲರೂ ಆಡುವ ಮಾತು. ಶಾಲೆಯಲ್ಲಿ ಗೆಳತಿಯರು ರಜೆ ಬಂದರೆ ಅಕ್ಕನ ಮನೆಗೆ ಹೋಗುತ್ತಿದ್ದರು. ಪುಟ್ಟಿ ಮಾತ್ರ ನಲವತ್ತೆಂಟು ವರ್ಷ ಅಕ್ಕನ ಮನೆಯಲ್ಲೇ ಇದ್ದಳು, ಅದಕ್ಕೇ ಅಲ್ಲಿಗೆ ಹೋಗುವುದು ಅಂತ ಒಂದಿರಲಿಲ್ಲ. ಬಾಯಲ್ಲಿ ಕಿತ್ತಳೆ ಹುಳಿಯಾಗಿತ್ತು, ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಅಂತ ಅವಳು ನನಗೆ ಹೇಳಿದಳು. ಹಾಗೇ ಬರೆದಿದ್ದೇನೆ.

ತಲುಪಿದ ದೃಶ್ಯ ನಾಲ್ಕು ಪುಟ ಬರೆದಿಟ್ಟಿದ್ದೆ. ಅದನ್ನು ಇಲ್ಲಿ ಸೇರಿಸುವುದಿಲ್ಲ. ಬಾಗಿಲು ಯಾರು ತೆಗೆದರು, ಅಕ್ಕ ದಪ್ಪಗಾಗಿದ್ದಾಳಾ, ಇಬ್ಬರೂ ಏನು ಮಾತಾಡಿದರು, ಅದೆಲ್ಲ ನನಗೆ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಿ. ಇನ್ನೂ ಐದು ಗಂಟೆಯ ದಾರಿ ಇದೆ.

"ಎಷ್ಟು ದಿನ ಇರ್ತೀಯಮ್ಮ?" ಅಂತ ಆ ಹೆಂಗಸು ಕೇಳಿದಳು.

ಪುಟ್ಟಿ ಕಿತ್ತಳೆಯ ಬೀಜ ಅಂಗೈಗೆ ಉಗಿದುಕೊಂಡು, ಕಿಟಕಿಯ ಹೊರಗೆ ನೋಡಿದಳು.

"ನೋಡ್ಬೇಕು," ಅಂದಳು.